ಸೂಜಿಯ ಕಾಲು ಸುತ್ತು

ಬಜಾಜ್ ಸ್ಕೂಟರ್ ಓಡಿಸಿದ ತಲೆಮಾರಿನವರಿಗೆ ಕಾರ್ಬ್ಯುರೇಟರ್ ಅಂದರೇನು ಅಂತ ವಿವರಿಸಬೇಕಾಗಿಲ್ಲ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಹತ್ತು ಕಿಕ್ ಹೊಡೆದು, ಕೊನೆಗೆ ಮೂಲೆಯ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುತ್ತಿದ್ದೆವು. ಅವನು ಒಂದು ಸಣ್ಣ ಸ್ಕ್ರೂಡ್ರೈವರ್ ತೂರಿಸಿ, ತಲೆ ಒಂದು ಕಡೆ ಓರೆ ಮಾಡಿ, ಕಿವಿಗೊಟ್ಟು ಅರ್ಧ ಸುತ್ತು ತಿರುಗಿಸಿ "ಹೋ ಗಯಾ ಸಾಬ್" ಅನ್ನುತ್ತಿದ್ದ. ಐದು ರೂಪಾಯಿ ಕೊಟ್ಟು ಬರುವಾಗ, ಇವನು ಮಾಡಿದ್ದಾದರೂ ಏನು ಅಂತ ಯೋಚಿಸಿದವರು ಕಡಿಮೆ.

ಅವನು ಮಾಡಿದ್ದು ಗಾಳಿಗೂ ಪೆಟ್ರೋಲಿಗೂ ಇರುವ ಲೆಕ್ಕವನ್ನು ಸರಿಪಡಿಸಿದ್ದು. ಇವತ್ತು ನಾನು ಬರೆಯಹೊರಟಿರುವುದು ಅದೇ ಲೆಕ್ಕದ ಬಗ್ಗೆ, ಆದರೆ ಅದಕ್ಕಿಂತ ಬಹಳ ಪುಟ್ಟ ಎಂಜಿನ್ನಿನದು. ಆಟದ ವಿಮಾನಗಳ ಮೂಗಿನಲ್ಲಿ ಕೂತು ಕಿವಿ ಕಿವುಡಾಗುವಂತೆ ಕಿರುಚುವ, ನಿಂಬೆಹಣ್ಣಿನಿಂದ ಹಿಡಿದು ಮೋಸಂಬಿವರೆಗಿನ ಗಾತ್ರದ ಗ್ಲೋ ಎಂಜಿನ್. ಮುಂಬಯಿಗೆ ಬಂದ ಹೊಸತರಲ್ಲಿ ಇದರ ಹುಚ್ಚು ಹಿಡಿಯಿತು, ಇನ್ನೂ ಪೂರ್ತಿ ಬಿಟ್ಟಿಲ್ಲ. ಮನೆಯವರು "ಅರವತ್ತು ದಾಟಿದರೂ ಆಟಿಕೆ ಬಿಡಲಿಲ್ಲ" ಅಂತ ಅನ್ನುವುದೂ ಬಿಟ್ಟಿಲ್ಲ.

ಈ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಓಡುವಾಗ ಬ್ಯಾಟರಿಯೂ ಇಲ್ಲ. ತಲೆಯ ಮೇಲೆ ಒಂದು ಪುಟ್ಟ ಪ್ಲಗ್ಗು. ಅದರೊಳಗೆ ಕೂದಲೆಳೆಯಂಥ ಪ್ಲಾಟಿನಂ ಮಿಶ್ರಲೋಹದ ತಂತಿಯ ಸುರುಳಿ. ಶುರು ಮಾಡುವಾಗ ಒಂದೂವರೆ ವೋಲ್ಟಿನ ಸೆಲ್ಲು ತಾಗಿಸಿ ತಂತಿಯನ್ನು ಕೆಂಪಗೆ ಕಾಯಿಸಬೇಕು. ಎಂಜಿನ್ ಹಿಡಿದ ಮೇಲೆ ಸೆಲ್ಲು ತೆಗೆದುಬಿಡಿ, ತಂತಿ ತಾನಾಗಿಯೇ ಕೆಂಪಗೆ ಉಳಿಯುತ್ತದೆ. ಮೊದಲ ಸಲ ನೋಡಿದವರಿಗೆ ಇದು ಕಣ್ಕಟ್ಟಿನ ಹಾಗೆ ಕಾಣುತ್ತದೆ.

ಈ ಕಣ್ಕಟ್ಟನ್ನು ಮೊದಲು ಕಂಡವನು ವಿಮಾನದ ಹುಚ್ಚಿನವನಲ್ಲ, ಗಣಿ ಕಾರ್ಮಿಕರ ದೀಪ ಮಾಡಿದ ಇಂಗ್ಲೆಂಡಿನ ಹಂಫ್ರಿ ಡೇವಿ. 1817ರಲ್ಲಿ ಅವನು ಬಿಸಿ ಮಾಡಿದ ಪ್ಲಾಟಿನಂ ತಂತಿಯನ್ನು ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದೊಳಗೆ ಹಿಡಿದ. ಜ್ವಾಲೆ ಏಳಲಿಲ್ಲ, ಆದರೆ ತಂತಿ ಮಾತ್ರ ನಿಗಿನಿಗಿ ಕೆಂಡದಂತೆ ಉರಿಯುತ್ತಲೇ ಇತ್ತು. ಸ್ಪಿರಿಟ್ಟಿನ ಆವಿಯಲ್ಲೂ ಹಾಗೇ ಆಯಿತು. ತಂತಿ ತಾನು ಖರ್ಚಾಗದೆ, ತನ್ನ ಮೈಮೇಲೆಯೇ ಆವಿಗೂ ಆಮ್ಲಜನಕಕ್ಕೂ ಗಂಟು ಹಾಕಿಸಿ, ಆ ಬಿಸಿಯಲ್ಲಿ ತಾನೇ ಕಾಯುತ್ತಿತ್ತು. ಮದುವೆ ಮಾಡಿಸಿ ಊಟ ಮಾಡಿ ಹೋಗುವ ದಲ್ಲಾಳಿಯ ಹಾಗೆ ಅನ್ನಿ. ಈ ಗುಣಕ್ಕೆ ಕೆಟಾಲಿಸಿಸ್ ಅಂತ ಹೆಸರಿಟ್ಟದ್ದು ಸ್ವೀಡನ್ನಿನ ಬರ್ಜೀಲಿಯಸ್, 1835ರಲ್ಲಿ. ಅದನ್ನು ಆಟದ ವಿಮಾನಕ್ಕೆ ಅಳವಡಿಸಲು ಇನ್ನೂ ನೂರು ವರ್ಷದ ಮೇಲೆ ಹಿಡಿಯಿತು.

ಅಷ್ಟರಲ್ಲಿ ದೊಡ್ಡ ವಿಮಾನಗಳು ಬಂದಿದ್ದವು. ಮಿಶ್ರಣದ ವಿಷಯ ಅಲ್ಲಿ ಆಟವಾಗಿರಲಿಲ್ಲ. ಮೊದಲನೇ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ವಿಮಾನದಲ್ಲಿ ರೋಟರಿ ಎಂಜಿನ್, ಅಂದರೆ ಸಿಲಿಂಡರುಗಳೆಲ್ಲ ಪ್ರೊಪೆಲ್ಲರ್ ಜೊತೆಗೇ ಗಿರಗಿರ ತಿರುಗುವಂಥದ್ದು. ಕ್ಲೆರ್ಜೆ ಎಂಜಿನ್ ಇದ್ದ ಕ್ಯಾಮೆಲ್‌ನಲ್ಲಿ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಮಿಶ್ರಣದ ಹಿಡಿಯನ್ನು ಕೈಯಾರೆ ಹಿಂದಕ್ಕೆಳೆದು ಪೆಟ್ರೋಲ್ ಕಡಿಮೆ ಮಾಡಬೇಕಿತ್ತು. ಮಾಡದಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಇನ್ನೂ ಎತ್ತರ ಸಿಕ್ಕಿರದ ವಿಮಾನ ಮಗುಚಿ ಸುತ್ತುತ್ತಾ ನೆಲಕ್ಕೆ. ಒಂದೇ ಸೀಟಿನ ವಿಮಾನ, ಪಕ್ಕದಲ್ಲಿ ಕೂತು ಹೇಳಿಕೊಡಲು ಗುರುವೂ ಇಲ್ಲ. ಹಾಗೆ ಸತ್ತ ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಲೆಕ್ಕವಿಲ್ಲ. ಈ ಕ್ಯಾಮೆಲ್ಲನ್ನು 1917ರಲ್ಲಿ 28ನೇ ಸ್ಕ್ವಾಡ್ರನ್ನಿನಲ್ಲಿ ಹಾರಿಸಿದವರಲ್ಲಿ ನಮ್ಮ ಹರ್ದಿತ್ ಸಿಂಗ್ ಮಲಿಕ್ ಒಬ್ಬರು. ಪಗಡಿಯ ಮೇಲೆ ಹೆಲ್ಮೆಟ್ ಹಾಕಿ ಹಾರಿದವರು, ಮುಂದೆ ಸ್ವತಂತ್ರ ಭಾರತದ ರಾಯಭಾರಿಯೂ ಆದರು.

ಆ ಎಂಜಿನ್ನುಗಳಿಗೆ ಹಾಕುತ್ತಿದ್ದ ಎಣ್ಣೆ ಯಾವುದು ಗೊತ್ತೆ? ಹರಳೆಣ್ಣೆ! ನಮ್ಮ ಧಾರವಾಡದ ಕಡೆಯ ಔಡಲ ಎಣ್ಣಿ. ಅಜ್ಜಿ ನೆತ್ತಿಗೆ ತಟ್ಟಿ, ಹೊಟ್ಟೆ ಕಟ್ಟಿದರೆ ಚಮಚದಲ್ಲಿ ಕುಡಿಸಿ, ಮೂಗು ಹಿಡಿದು ನುಂಗಿಸುತ್ತಿದ್ದಳಲ್ಲ, ಅದೇ. ಎಂಜಿನ್ ಉಗುಳುವ ಆ ಎಣ್ಣೆಯ ಹೊಗೆ ಕುಡಿದು ಪೈಲಟ್‌ಗಳಿಗೆ ಹೊಟ್ಟೆ ಕೆಡುತ್ತಿತ್ತು ಅಂತ ಹೇಳುತ್ತಾರೆ. ನಮ್ಮ ಅಜ್ಜಿಯನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯ ಇರಲಾರದು. ಕ್ಯಾಸ್ಟ್ರಾಲ್ ಅನ್ನುವ ಹೆಸರಿನಲ್ಲೂ ಅಡಗಿರುವುದು ಇದೇ ಕ್ಯಾಸ್ಟರ್. ಈ ಎಣ್ಣೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಆಟದ ವಿಮಾನಗಳು 1930ರ ದಶಕದ ಆರಂಭದವರೆಗೂ ಹೆಚ್ಚಾಗಿ ರಬ್ಬರ್ ಬ್ಯಾಂಡ್ ತಿರುಚಿ ಹಾರಿಸುವಂಥವು. ಫಿಲಡೆಲ್ಫಿಯಾದ ಬಿಲ್ ಬ್ರೌನ್ ಅನ್ನುವ ಹುಡುಗ ಹತ್ತು ಸಿಸಿಯ ಒಂದು ಪೆಟ್ರೋಲ್ ಎಂಜಿನ್ ಮಾಡಿದ. 1933ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅವನ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ ಆ ಎಂಜಿನ್ ಕೂರಿಸಿದ ವಿಮಾನ ಹಾರಿಸಿ, ರಬ್ಬರಿನವರನ್ನೆಲ್ಲ ಹಿಂದೆ ಹಾಕಿ ಬಹುಮಾನ ಬಾಚಿಕೊಂಡ. ಎಂಜಿನ್ ವಿಮಾನಗಳಿಗೆ ಆಮೇಲೆ ಬೇರೆಯೇ ವಿಭಾಗ ಮಾಡಬೇಕಾಯಿತು. 1934ರಿಂದ ಬ್ರೌನ್ ಜೂನಿಯರ್ ಅಂಗಡಿಗೆ ಬಂತು. ಮೂರು ಪಾಲು ಪೆಟ್ರೋಲಿಗೆ ಒಂದು ಪಾಲು ಮಂದ ಎಣ್ಣೆ, ಅದು ಇದರ ಆಹಾರ.

ತೊಂದರೆ ಏನಪ್ಪಾ ಅಂದರೆ, ಕಿಡಿ ಹಾರಿಸಲು ವಿಮಾನದೊಳಗೇ ಕಾಯಿಲ್, ಕಂಡೆನ್ಸರ್, ಬ್ಯಾಟರಿ, ಅವಕ್ಕೆಲ್ಲ ವೈರು ಹೊತ್ತೊಯ್ಯಬೇಕು. ಸಣ್ಣ ಎಂಜಿನ್ ಆದರೆ ಇವುಗಳ ತೂಕ ಎಂಜಿನ್ನನ್ನೂ ಮೀರುತ್ತಿತ್ತು. ಮದುವೆ ದಿಬ್ಬಣದಲ್ಲಿ ವರನಿಗಿಂತ ಬ್ಯಾಂಡಿನವರೇ ಜಾಸ್ತಿ. ಆದರೆ ಈ ವ್ಯವಸ್ಥೆಯಲ್ಲಿ ಒಂದು ಅನುಕೂಲ ಇತ್ತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹಾರಿಸುವವನ ಕೈಯಲ್ಲಿ ಎರಡು ಹಿಡಿ ಇದ್ದವು. ಕಿಡಿ ಯಾವಾಗ ಹಾರಬೇಕು ಅನ್ನುವುದಕ್ಕೆ ಒಂದು, ಎಣ್ಣೆ ಎಷ್ಟು ಹೋಗಬೇಕು ಅನ್ನುವುದಕ್ಕೆ ಇನ್ನೊಂದು. ಒಂದರ ತಪ್ಪನ್ನು ಇನ್ನೊಂದು ಸ್ವಲ್ಪ ಮುಚ್ಚುತ್ತಿತ್ತು.

ಯುದ್ಧ ಮುಗಿದು ಎರಡು ವರ್ಷಕ್ಕೆ, 1947ರಲ್ಲಿ, ಅಮೆರಿಕದ ರೇ ಆರ್ಡನ್ ತನ್ನ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ಬಿಟ್ಟ. ಡೇವಿಯ ಪ್ಲಾಟಿನಂ ತಂತಿ, ಜೊತೆಗೆ ಪೆಟ್ರೋಲಿನ ಬದಲು ಮೆಥನಾಲ್. ಅಷ್ಟೇ! ಕಾಯಿಲ್ ಹೋಯಿತು, ಕಂಡೆನ್ಸರ್ ಹೋಯಿತು, ಬ್ಯಾಟರಿ ನೆಲದ ಮೇಲೆ ಉಳಿಯಿತು. ಒಂದೆರಡು ವರ್ಷದಲ್ಲಿ ಸ್ಪಾರ್ಕ್ ಎಂಜಿನ್ನುಗಳು ಹಳೇ ಸಾಮಾನಾದವು. 1948ರಲ್ಲೇ ಕೆ ಅಂಡ್ ಬಿ ಕಂಪನಿ ಹೆಬ್ಬೆರಳಿನಷ್ಟು ಪುಟ್ಟ ಇನ್‌ಫಂಟ್ ಎಂಜಿನ್ ತಂದಿತು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾಯ್ ಕಾಕ್ಸ್ 0.8 ಸಿಸಿಯ ಎಂಜಿನ್ನುಗಳನ್ನು ಲಕ್ಷಗಟ್ಟಲೆ ಮಾಡಿ ಮಕ್ಕಳ ಕೈಗೆ ಕೊಟ್ಟ. ಆ ಪ್ಲಗ್ಗಿನ ಅಳತೆ, ಕಾಲು ಇಂಚು ದಪ್ಪ, ಇಂಚಿಗೆ 32 ಎಳೆಯ ಮರೆ, ಇವತ್ತಿಗೂ ಬದಲಾಗಿಲ್ಲ.

ಆದರೆ ಕಾಯಿಲ್ ಜೊತೆಗೆ ಇನ್ನೊಂದು ವಸ್ತುವೂ ಹೋಯಿತು. ಕಿಡಿಯ ಹಿಡಿ! ಈಗ ಬೆಂಕಿ ಯಾವಾಗ ಹತ್ತಬೇಕು ಅಂತ ಯಾರೂ ಹೇಳುವಂತಿಲ್ಲ. ತಂತಿ ಎಷ್ಟು ಬಿಸಿಯಿದೆ, ಸಿಲಿಂಡರಿನಲ್ಲಿ ಒತ್ತಡ ಎಷ್ಟಿದೆ, ಮಿಶ್ರಣ ಹೇಗಿದೆ ಅನ್ನುವುದರ ಮೇಲೆ ಅದು ತಾನೇ ತೀರ್ಮಾನ ಮಾಡುತ್ತದೆ. ಇವುಗಳಲ್ಲಿ ಹಾರಿಸುವವನ ಕೈಗೆ ಮೈದಾನದಲ್ಲಿ ಸಿಗುವುದು ಒಂದೇ ಒಂದು, ಕಾರ್ಬ್ಯುರೇಟರಿನ ಸೂಜಿ. ಸೂಜಿ ಒಳಗೆ ಹೋದಷ್ಟೂ ಎಣ್ಣೆ ಕಡಿಮೆ. ಎಣ್ಣೆ ಕಡಿಮೆಯಾದಷ್ಟೂ ಒಳಗೆ ತಂಪು ಕಡಿಮೆ, ತಂತಿ ಇನ್ನಷ್ಟು ಬಿಸಿ, ಬೆಂಕಿ ಇನ್ನಷ್ಟು ಬೇಗ ಹತ್ತುತ್ತದೆ. ಹಾಗಾಗಿ ಒಂದೇ ಸೂಜಿ ಊಟವನ್ನೂ ನಿರ್ಧರಿಸುತ್ತದೆ, ಮುಹೂರ್ತವನ್ನೂ ನಿರ್ಧರಿಸುತ್ತದೆ. ಆರ್ಡನ್ ವಿಮಾನದ ಭಾರ ಇಳಿಸಿದ್ದು ನಿಜ, ಆ ಭಾರವನ್ನು ಹೊರಿಸಿದ್ದು ಹಾರಿಸುವವನ ಕಿವಿಯ ಮೇಲೆ.

ಇನ್ನು ಮೆಥನಾಲ್ ಕಡೆಗೆ ಬರೋಣ. ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಮೆಥನಾಲಿಗೆ ಸುಮಾರು 6.4 ಗ್ರಾಂ ಸಾಕು. ಅಂದರೆ ಅದೇ ಗಾಳಿಗೆ ಎರಡು ಪಟ್ಟಿಗೂ ಮಿಕ್ಕಿ ಎಣ್ಣೆ ಸುರಿಯಬೇಕು. ಹತ್ತು ಸಿಸಿಯ ಎಂಜಿನ್ ನಿಮಿಷಕ್ಕೆ ಸರಿಸುಮಾರು ಒಂದು ಔನ್ಸ್ ಕುಡಿಯುತ್ತದೆ, ಬಕಾಸುರ! ಆದರೆ ಮೆಥನಾಲ್ ಆವಿಯಾಗುವಾಗ ಪೆಟ್ರೋಲಿನ ಮೂರು ಪಟ್ಟು ಬಿಸಿ ಹೀರುತ್ತದೆ, ಆದ್ದರಿಂದ ಎಂಜಿನ್ನನ್ನು ಒಳಗಿನಿಂದಲೇ ತಂಪಾಗಿಡುತ್ತದೆ. ನೈಟ್ರೋಮೀಥೇನ್ ಬೆರೆಸಿದರೆ ಇನ್ನೂ ಜೋರು, ಏಕೆಂದರೆ ಅದು ಆಮ್ಲಜನಕವನ್ನು ತನ್ನ ಬುತ್ತಿಯಲ್ಲೇ ಕಟ್ಟಿಕೊಂಡು ಬರುತ್ತದೆ. ಆದರೆ ದುಬಾರಿ. ಅಮೆರಿಕದವರು ಧಾರಾಳವಾಗಿ ಹಾಕುತ್ತಿದ್ದರು, ಯುರೋಪಿನವರು ಕೈಬಿಗಿ ಹಿಡಿದರು. ಅಂತಾರಾಷ್ಟ್ರೀಯ ವೇಗದ ಸ್ಪರ್ಧೆಯಲ್ಲಿ ಜಗಳವೇ ಬೇಡ ಅಂತ ಎಲ್ಲರಿಗೂ ಒಂದೇ ಇಂಧನ ಗೊತ್ತು ಮಾಡಿದರು. ಎಂಬತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲು ಎಣ್ಣೆ.

ಮತ್ತೆ ಬಂತು ನೋಡಿ ಹರಳೆಣ್ಣೆ. ಅದು ಪೆಟ್ರೋಲಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮೆಥನಾಲಿನಲ್ಲಿ ಸಲೀಸಾಗಿ ಕರಗುತ್ತದೆ. ಅದಕ್ಕಿಂತ ದೊಡ್ಡ ಗುಣ ಅಂದರೆ, ಎಂಜಿನ್ ಅತಿಯಾಗಿ ಕಾದಾಗಲೂ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಮಿಶ್ರಣ ತೀರಾ ಲೀನ್ ಆಗಿ ಪಿಸ್ಟನ್ ಸುಡುವ ಹೊತ್ತಿಗೆ ಎಷ್ಟೋ ಆಧುನಿಕ ಎಣ್ಣೆಗಳು ಕೈಕೊಡುತ್ತವೆ, ಹರಳೆಣ್ಣೆ ಗಟ್ಟಿಯಾಗಿ ಕಂದು ವಾರ್ನಿಷ್ ಆದರೂ ಜಾರಿಕೆ ಬಿಡುವುದಿಲ್ಲ. ಆ ಕಂದು ಪದರ ಕೆರೆಯುವುದು ಬೇಸರದ ಕೆಲಸ, ಆದರೆ ಸೂಜಿ ತಪ್ಪಿದವನಿಗೆ ಅದೇ ವಿಮೆ. ಜಗತ್ತಿನ ಹರಳೆಣ್ಣೆಯ ಬಹುಪಾಲು ನಮ್ಮ ಗುಜರಾತಿನದು. ಹಾಗಾಗಿ ಅಮೆರಿಕದ ಹುಡುಗನ ವಿಮಾನ ಕೆಡದಂತೆ ಕಾಯ್ದದ್ದರಲ್ಲಿ ನಮ್ಮ ರೈತನ ಪಾಲೂ ಇದೆ ಅಂತ ನಾನು ಹೆಮ್ಮೆಪಟ್ಟುಕೊಳ್ಳುತ್ತೇನೆ, ಮನೆಯವರು ನಗುತ್ತಾರೆ.

ಟ್ಯೂನ್ ಮಾಡುವುದು ಹೇಗೆ? ಹೇಳುವುದು ಸುಲಭ. ಸೂಜಿಯನ್ನು ಪೂರ್ತಿ ಮುಚ್ಚಿ ಎರಡು ಎರಡೂವರೆ ಸುತ್ತು ತೆರೆಯಿರಿ. ಎಂಜಿನ್ ಹಿಡಿದಾಗ ಅದು ರಿಚ್, ಎಣ್ಣೆ ಜಾಸ್ತಿ. ಹೊಗೆ ಕಾರುತ್ತಾ ಗೊರಗೊರ ಅನ್ನುತ್ತದೆ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಸಿಡಿಯಬೇಕು, ಆದರೆ ಅತಿ ರಿಚ್ ಇದ್ದಾಗ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಸಿಡಿಯುತ್ತದೆ. ಇದನ್ನು ಫೋರ್ ಸ್ಟ್ರೋಕಿಂಗ್ ಅನ್ನುತ್ತಾರೆ. ಸೂಜಿಯನ್ನು ನಿಧಾನಕ್ಕೆ ಒಳಗೆ ತಿರುಗಿಸುತ್ತಾ ಹೋದರೆ, ಒಂದು ಹಂತದಲ್ಲಿ ಸದ್ದು ಫಕ್ಕನೆ ಮೇಲೇರುತ್ತದೆ.

ಸಂಗೀತ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ಅಂದರೆ ಸೆಕೆಂಡಿಗೆ ಇನ್ನೂರು ಸಿಡಿತ. ಅದು ಹೆಂಗಸರು ಹಾಡುವ ಐದು ಮನೆ ಶ್ರುತಿಯ ಷಡ್ಜಕ್ಕೆ ಸರಿಸುಮಾರು ಹತ್ತಿರ. ಅದೇ ವೇಗದಲ್ಲಿ ಸುತ್ತು ಬಿಟ್ಟು ಸುತ್ತು ಸಿಡಿದರೆ ನೂರು, ಅಂದರೆ ನೇರ ಒಂದು ಸ್ಥಾಯಿ ಕೆಳಗೆ. ಮಂದ್ರದಿಂದ ಮಧ್ಯಕ್ಕೆ ಹಾರುವ ಆ ಕ್ಷಣವನ್ನು ಹಿಡಿಯಲು ಮೀಟರ್ ಬೇಕಾಗಿಲ್ಲ, ತಂಬೂರಿ ಶ್ರುತಿ ಮಾಡುವವನ ಕಿವಿ ಸಾಕು.

ಅಲ್ಲಿಂದ ಮುಂದೆ ಇನ್ನೂ ಸ್ವಲ್ಪ ತಿರುಗಿಸಿದರೆ ವೇಗ ಏರಿ ತುದಿ ಮುಟ್ಟುತ್ತದೆ. ಹೊಸಬರು ಅಲ್ಲೇ ನಿಲ್ಲಿಸುತ್ತಾರೆ, ಕಿವಿಗೆ ಎಷ್ಟು ಇಂಪು! ಆದರೆ ನೆಲದ ಮೇಲಿನ ತುದಿ ಆಕಾಶದಲ್ಲಿ ತುದಿಯಲ್ಲ. ಹಾರುವಾಗ ಪ್ರೊಪೆಲ್ಲರಿನ ಹೊರೆ ತಗ್ಗಿ ಎಂಜಿನ್ ಇನ್ನೂ ಜೋರಾಗಿ ತಿರುಗುತ್ತದೆ, ಮೂಗು ಮೇಲೆತ್ತಿದರೆ ಟ್ಯಾಂಕಿನಿಂದ ಎಣ್ಣೆ ಮೇಲಕ್ಕೆ ಹತ್ತಬೇಕಾಗುತ್ತದೆ. ಎರಡೂ ಸೇರಿ ಮಿಶ್ರಣ ಇನ್ನಷ್ಟು ಲೀನ್. ಆಗ ಎಂಜಿನ್ ಬಿಸಿಯಾಗಿ, ಬೆಂಕಿ ಹೊತ್ತಿಗೆ ಮುಂಚೆ ಹತ್ತಿ, ಸದ್ದು ಸೊರಗಿ, ಮೇಲೇರುತ್ತಿದ್ದ ವಿಮಾನ ಅಲ್ಲೇ ನಿಂತುಹೋಗುತ್ತದೆ. ಕ್ಯಾಮೆಲ್ ರಿಚ್ ಆಗಿ ಸತ್ತರೆ ಇದು ಲೀನ್ ಆಗಿ ಸಾಯುತ್ತದೆ. ಆದ್ದರಿಂದ ಬಲ್ಲವರು ತುದಿ ಮುಟ್ಟಿ, ಇನ್ನೂರು ಮುನ್ನೂರು ಸುತ್ತು ಇಳಿಯುವಷ್ಟು ಸೂಜಿಯನ್ನು ಹೊರಗೆ ತೆಗೆಯುತ್ತಾರೆ. ಸರಿಯಾಗಿದೆಯೇ ಅಂತ ನೋಡಲು ಎಣ್ಣೆಯ ಕೊಳವೆಯನ್ನು ಒಂದು ಕ್ಷಣ ಚಿವುಟುತ್ತಾರೆ. ಸದ್ದು ತುಸು ಏರಿದರೆ ಇನ್ನೂ ರಿಚ್ ಇದೆ, ಕ್ಷೇಮ. ಏರದೆ ಕುಸಿದರೆ ಆಗಲೇ ಲೀನ್ ಇದೆ, ಹಾರಿಸಬೇಡಿ. ಆಮೇಲೆ ವಿಮಾನವನ್ನು ಮೂಗು ಮೇಲೆ ಮಾಡಿ ಹಿಡಿದು ಮತ್ತೊಮ್ಮೆ ಕೇಳುತ್ತಾರೆ. ಇದೆಲ್ಲ ಪ್ರೊಪೆಲ್ಲರಿನ ಹಿಂದೆ ನಿಂತು ಮಾಡಬೇಕು. ಮುಂದೆ ನಿಂತು ಬೆರಳಿಗೆ ಹೊಲಿಗೆ ಹಾಕಿಸಿಕೊಂಡವರನ್ನು ಕಂಡಿದ್ದೇನೆ.

ಈ ಸೂಜಿ ಒಂದು ಊರಿನಲ್ಲಿ ಇಟ್ಟ ಹಾಗೆ ಇನ್ನೊಂದು ಊರಿನಲ್ಲಿ ಇರುವುದಿಲ್ಲ. ಮುಂಬಯಿ ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್ ಮೇಲೆ. ಅಲ್ಲಿ ಗಾಳಿ ನೂರಕ್ಕೆ ಎಂಟು ಹತ್ತು ಪಾಲು ತೆಳು. ಇಲ್ಲಿ ಸರಿಯಾಗಿದ್ದ ಎಂಜಿನ್ ಅಲ್ಲಿ ರಿಚ್ ಆಗಿ ಗೊರಗುಟ್ಟುತ್ತದೆ. ರಜೆಗೆ ಊರಿಗೆ ಹೋದಾಗಲೆಲ್ಲ ಹಲ್ಲು ಹಲ್ಲು ಎಣಿಸಿ ಸೂಜಿ ಒಳಗೆ ಹಾಕುತ್ತಿದ್ದೆ, ವಾಪಸ್ ಬಂದು ಹೊರಗೆ ತೆಗೆಯುತ್ತಿದ್ದೆ. ಮನುಷ್ಯರೂ ಹಾಗೇ ಅನ್ನಬಹುದಿತ್ತು, ಆದರೆ ನನ್ನ ಕನ್ನಡವಂತೂ ಘಟ್ಟ ಹತ್ತಿದ ಕೂಡಲೇ ತಾನಾಗಿಯೇ ಟ್ಯೂನ್ ಆಗುತ್ತದೆ. ಮುಂಬಯಿ ಮಳೆಗಾಲದ ಕಾಟ ಬೇರೆ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ಮುಚ್ಚಳ ಸಡಿಲ ಬಿಟ್ಟ ಕ್ಯಾನು ಗಣಪತಿ ಹಬ್ಬಕ್ಕೆ ಕೆಲಸಕ್ಕೆ ಬಾರದು.

ಮೆಥನಾಲ್ ಅಂದಾಗ ನಗುವ ಹಾಗಿಲ್ಲದ ಒಂದು ಮಾತೂ ಇದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2015ರ ಜೂನ್‌ನಲ್ಲಿ ನಮ್ಮ ಮಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಕಳ್ಳಬಟ್ಟಿ ಕುಡಿದು ಸತ್ತದ್ದು ಇದೇ ದ್ರವದಿಂದ. ನೋಡಲು, ಮೂಸಲು ಕುಡಿಯುವ ಸಾರಾಯಿಯ ಹಾಗೇ. ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ. ಮಾಲವಣಿಯ ನಂತರ ನಮ್ಮ ಗುಂಪಿನಲ್ಲಿ ಕ್ಯಾನಿನ ಮೇಲೆ ತಲೆಬುರುಡೆ ಚಿತ್ರ ಅಂಟಿಸಿ, ಬೀಗ ಹಾಕಿಡುವ ಪದ್ಧತಿ ಬಂತು. ಇದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಕೈ ಸುಟ್ಟ ಮೇಲೇ ಬೆಂಕಿ ಇದೆ ಅಂತ ಗೊತ್ತಾಗುವುದು.

ನಮ್ಮ ದೇಶದಲ್ಲಿ ಆಮದು ಲೈಸೆನ್ಸಿನ ಕಾಲಕ್ಕೆ ಗ್ಲೋ ಎಂಜಿನ್ ಕೈಗೆಟುಕದ ವಸ್ತು. ಕಲ್ಕತ್ತೆಯ ಇಂಡಿಯಾಸ್ ಹಾಬಿ ಸೆಂಟರ್ ಇಂಗ್ಲೆಂಡಿನ ಮಿಲ್ಸ್ ಮಾದರಿಯ ಪುಟ್ಟ ಡೀಸೆಲ್ ಎಂಜಿನ್ನನ್ನು ಅರೋರಾ ಹೆಸರಿನಲ್ಲಿ ಮಾಡುತ್ತಿತ್ತು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದರೆ ಅದರ ಇಂಧನ. ಪ್ಲಗ್ಗೇ ಇಲ್ಲ, ತಲೆಯ ಮೇಲಿನ ಹಿಡಿ ತಿರುಗಿಸಿ ಒತ್ತಡ ಹೆಚ್ಚು ಕಡಿಮೆ ಮಾಡಬೇಕು. ಎನ್‌ಸಿಸಿ ಏರ್ ವಿಂಗಿನಲ್ಲಿ ಏರೋಮಾಡೆಲಿಂಗ್ ಕಲಿತವರಲ್ಲಿ ಅನೇಕರ ಕಿವಿ ಪಳಗಿದ್ದು ಇಂಥ ಡೀಸೆಲ್ಲುಗಳ ಮೇಲೆ.

ಮಿಶ್ರಣದ ಕಲೆ ಅತ್ಯಂತ ಎತ್ತರಕ್ಕೆ ಹೋದದ್ದು ಕಂಟ್ರೋಲ್ ಲೈನ್ ಸ್ಟಂಟಿನಲ್ಲಿ ಅಂತ ನನ್ನ ಅಭಿಪ್ರಾಯ. ಅರವತ್ತು ಅಡಿಯ ಎರಡು ತಂತಿ ಕಟ್ಟಿದ ವಿಮಾನ, ನಡುವೆ ನಿಂತವನ ಸುತ್ತ ತಿರುಗುತ್ತಾ ಲೂಪ್, ಎಂಟಿನಾಕಾರ ಹಾಕಬೇಕು. ರೇಡಿಯೋ ಇಲ್ಲ, ಥ್ರಾಟಲ್ ಇಲ್ಲ. 1950ರ ದಶಕದ ಆರಂಭದಲ್ಲಿ ಟೆಕ್ಸಾಸಿನ ಜಾರ್ಜ್ ಆಲ್ಡ್ರಿಚ್ ನೋಬ್ಲರ್ ಅನ್ನುವ ವಿಮಾನ ಮಾಡಿದ. ಡ್ಯೂಕ್ ಫಾಕ್ಸ್ ಮಾಡಿದ 5.7 ಸಿಸಿಯ ಫಾಕ್ಸ್ 35 ಎಂಜಿನ್ ಅದಕ್ಕೆ ಹೇಳಿ ಮಾಡಿಸಿದ ಜೋಡಿ. ಈ ಎಂಜಿನ್ನನ್ನು ಬೇಕೆಂದೇ ರಿಚ್ ಇಡುತ್ತಿದ್ದರು. ಮಟ್ಟಸವಾಗಿ ಹಾರುವಾಗ ಗೊರಗೊರ ಫೋರ್ ಸ್ಟ್ರೋಕ್, ನಿಧಾನ. ಮೂಗು ಮೇಲೆದ್ದ ಕ್ಷಣ ಮಿಶ್ರಣ ತುಸು ಲೀನ್ ಆಗಿ ಒಂದು ಸ್ಥಾಯಿ ಮೇಲಕ್ಕೆ ಜಿಗಿದು ಶಕ್ತಿ ಹೆಚ್ಚುತ್ತದೆ. ಕೆಳಗಿಳಿದು ಮಟ್ಟವಾದರೆ ಮತ್ತೆ ಗೊರಗೊರ. ಫೋರ್, ಟೂ, ಫೋರ್ ಅಂತಲೇ ಅದಕ್ಕೆ ಹೆಸರು. ಬೇರೆಯವರು ಯಾವುದನ್ನು ದೋಷ ಅಂದುಕೊಂಡು ಟ್ಯೂನ್ ಮಾಡಿ ತೆಗೆಯುತ್ತಿದ್ದರೋ, ಅದನ್ನೇ ಇವರು ಥ್ರಾಟಲ್ ಮಾಡಿಕೊಂಡರು. ಸೂಜಿ ಅರ್ಧ ಹಲ್ಲು ತಪ್ಪಿದರೂ ಆಟ ಕೆಟ್ಟಿತು. ನಾನು ಈ ಸದ್ದನ್ನು ಮೊದಲು ಕೇಳಿದ್ದು ಕಲ್ಯಾಣದ ಆಚೆಯ ಒಂದು ಬಯಲಿನಲ್ಲಿ. ಹಾರಿಸುತ್ತಿದ್ದ ಪಾರ್ಸಿ ಮುದುಕರು ವಿಮಾನವನ್ನು ನೋಡುತ್ತಲೇ ಇರಲಿಲ್ಲ ಅನ್ನಿಸಿತು, ಕಣ್ಣು ಅರೆಮುಚ್ಚಿತ್ತು.

2000ದ ದಶಕದಲ್ಲಿ ಬ್ರಶ್‌ಲೆಸ್ ಮೋಟರ್, ಲಿಥಿಯಂ ಪಾಲಿಮರ್ ಬ್ಯಾಟರಿ ಅಗ್ಗವಾದವು. ಎಣ್ಣೆ ಇಲ್ಲ, ಗಲೀಜಿಲ್ಲ, ನೆರೆಹೊರೆಯವರ ಬೈಗುಳವಿಲ್ಲ. ಪಕ್ಕದ ಫ್ಲ್ಯಾಟಿನ ಹುಡುಗ ಡಬ್ಬಿ ತೆರೆದು ಹತ್ತು ನಿಮಿಷಕ್ಕೆ ಹಾರಿಸುತ್ತಾನೆ. ಜಪಾನಿನ ಓ.ಎಸ್. ಎಂಜಿನ್ನುಗಳನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಹಾಬಿಕೋ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ನನ್ನ ಕಿವಿಯೂ ಮೊದಲಿನಂತಿಲ್ಲ. ಡಾಕ್ಟರು ಗ್ರಾಫ್ ತೋರಿಸಿ, ಮೇಲಿನ ಸ್ವರಗಳು ಹೋಗಿವೆ ಅಂದರು. ಆದರೆ ಇನ್ನೂರರ ಆಸುಪಾಸಿನದು ಇನ್ನೂ ಇದೆಯಂತೆ, ಸೂಜಿಗೆ ಅಷ್ಟು ಸಾಕು. ಈಗ ಹುಡುಗರು ಬೆಳಕಿನಿಂದ ಸುತ್ತು ಎಣಿಸುವ ಟ್ಯಾಕೋಮೀಟರ್ ತರುತ್ತಾರೆ. ಅದು ಸರಿಯಿದೆಯೇ ಅಂತ ನೋಡಬೇಕಾದರೆ ಹಳೇ ಚೋಕಿನ ಟ್ಯೂಬ್‌ಲೈಟಿಗೆ ತೋರಿಸಿ. ನಮ್ಮ ಐವತ್ತು ಹರ್ಟ್ಸ್ ಕರೆಂಟಿಗೆ ಎರಡು ರೆಕ್ಕೆಯ ಲೆಕ್ಕದಲ್ಲಿ ಮೂರು ಸಾವಿರ ಬರಬೇಕು.

ಸ್ಟಂಟ್ ಹಾರಿಸುವವರೂ ವಿದ್ಯುತ್ ಮೋಟರಿಗೆ ಬದಲಾದರು. ಆದರೆ ಒಂದು ಸಮಸ್ಯೆ ಬಂತು. ಮೋಟರ್ ಎಲ್ಲಾ ಕಡೆ ಒಂದೇ ಥರ ತಿರುಗಿದರೆ ವಿಮಾನ ಮಟ್ಟದಲ್ಲಿ ಅತಿ ಜೋರು, ಮೇಲೇರುವಾಗ ಸಪ್ಪೆ. ಕೊನೆಗೆ ಮೋಟರಿನ ಜೊತೆಗೆ ಒಂದು ಪುಟ್ಟ ಸರ್ಕ್ಯೂಟ್ ಸೇರಿಸಿದರು. ಅದರಲ್ಲಿ ಚಲನೆ ಅಳೆಯುವ ಸೆನ್ಸರ್ ಇದೆ. ಮೂಗು ಮೇಲೆದ್ದರೆ ಮೋಟರ್ ವೇಗ ಹೆಚ್ಚಿಸುತ್ತದೆ, ಮಟ್ಟವಾದರೆ ತಗ್ಗಿಸುತ್ತದೆ. ಫಾಕ್ಸ್ 35 ಎಂಜಿನ್ ಒಂದು ಸೂಜಿಯಿಂದ ಮಾಡುತ್ತಿದ್ದುದನ್ನೇ ಚಿಪ್ಪಿಗೆ ಕಲಿಸಿದ್ದಾರೆ, ಫೋರ್ ಟೂ ಫೋರ್. ಗೊರಗೊರ ಸದ್ದು ಮಾತ್ರ ಇಲ್ಲ.